ಎಲೆಯ ಕಾಯಕ

ಇಷ್ಟಲಿಂಗಕ್ಕೆ ಬಿಲ್ವಪತ್ರೆಯನ್ನು ಅರ್ಪಿಸುವಾಗ, ಆ ಎಲೆಯು ಮರದಲ್ಲಿದ್ದಷ್ಟು ಕಾಲ ಮಾಡಿದ ಕಾಯಕವನ್ನೂ ನೆನೆಯುವುದು ಉಚಿತ. ಬೇರು ತಂದ ನೀರು, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು, ಸೂರ್ಯನ ಬೆಳಕು ಈ ಮೂರರಿಂದ ಅದು ಸಕ್ಕರೆಯನ್ನು ಸಿದ್ಧಪಡಿಸುತ್ತದೆ. ನೀರಿನಿಂದ ಬೇರ್ಪಟ್ಟ ಆಮ್ಲಜನಕವನ್ನು ಲೋಕಕ್ಕೆ ಬಿಟ್ಟುಕೊಡುತ್ತದೆ. ನಾವು ಪ್ರಸಾದವೆಂದು ಸ್ವೀಕರಿಸುವ ಅನ್ನದ ಒಂದೊಂದು ಅಗುಳೂ ಈ ದ್ಯುತಿಸಂಶ್ಲೇಷಣೆಯ ಫಲವೇ. ಎಲೆಯದು ಕಾಯಕವೂ ಹೌದು, ದಾಸೋಹವೂ ಹೌದು.

ಮನುಷ್ಯನ ಕಾರ್ಖಾನೆಗಳಾದರೋ ಉರಿಯನ್ನು ನಂಬಿವೆ. ರಸಗೊಬ್ಬರಕ್ಕೆ ಬೇಕಾದ ಅಮೋನಿಯಾ ತಯಾರಿಕೆಗೆ 400 ಡಿಗ್ರಿಗೂ ಮೀರಿದ ಶಾಖ, ಅಪಾರ ಒತ್ತಡ ಬೇಕು. ಎಲೆಯು ತನ್ನ ಕೆಲಸವನ್ನು ಸಾಧಾರಣ ಬಿಸಿಲಿನಲ್ಲಿಯೇ ಪೂರೈಸುತ್ತದೆ. ಅದರ ಗುಟ್ಟು ಕ್ರಿಯಾವರ್ಧಕದಲ್ಲಿದೆ. ತಾನು ವ್ಯಯವಾಗದೆ ಬೇರೆ ವಸ್ತುಗಳ ಕೂಡುವಿಕೆಯನ್ನೂ ಅಗಲಿಕೆಯನ್ನೂ ಸುಗಮಗೊಳಿಸುವುದೇ ಕ್ರಿಯಾವರ್ಧಕ. ಎಲೆಯೊಳಗೆ ನೀರನ್ನು ಒಡೆಯುವ ಸ್ಥಾನದಲ್ಲಿ ಮ್ಯಾಂಗನೀಸಿನ 4 ಪರಮಾಣುಗಳೂ ಕ್ಯಾಲ್ಸಿಯಂನ 1 ಪರಮಾಣುವೂ ಆಮ್ಲಜನಕದ ಬೆಸುಗೆಯಲ್ಲಿ ಕುಳಿತಿವೆ.

ಈ ಕಾಯಕವನ್ನು ಮನುಷ್ಯನೂ ಕಲಿಯಬೇಕೆಂಬ ಹಂಬಲ ಹಳೆಯದು. ಇಟಲಿಯ ಬೊಲೊನ್ಯದ ರಸಾಯನಶಾಸ್ತ್ರಜ್ಞ ಜಾಕೊಮೊ ಚಾಮಿಚಿಯಾನ್, ಕಲ್ಲಿದ್ದಲಿನ ಬದಲು ಬಿಸಿಲಿನಿಂದಲೇ ಉದ್ಯಮಗಳು ನಡೆಯುವ ಕಾಲವನ್ನು 1912ರಲ್ಲಿಯೇ ನ್ಯೂಯಾರ್ಕಿನ ಉಪನ್ಯಾಸವೊಂದರಲ್ಲಿ ಚಿತ್ರಿಸಿದರು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಅವರು ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಹಾಯಿಸಿ ನೀರನ್ನು ಒಡೆಯಬಹುದೆಂದು ಪ್ರಕಟಿಸಿದರು. ಆದರೆ ಆ ವಸ್ತುವಿಗೆ ನೇರಳಾತೀತ ಕಿರಣಗಳೇ ಬೇಕು. ಬಿಸಿಲಿನಲ್ಲಿ ಅವುಗಳ ಪಾಲು ಸುಮಾರು ಶೇಕಡಾ 5 ಮಾತ್ರ. ಕಣ್ಣಿಗೆ ಕಾಣುವ ಬೆಳಕನ್ನೂ ಹೀರಬಲ್ಲ ವಸ್ತುಗಳ ಅನ್ವೇಷಣೆ ಅಲ್ಲಿಂದ ಬೆಳೆಯಿತು. ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ಬಳಗವು ಸತುವಿನ ಆಕ್ಸೈಡು ಮತ್ತು ಕ್ಯಾಡ್ಮಿಯಂ ಸಲ್ಫೈಡನ್ನು ಜೋಡಿಸಿದ ವಸ್ತುಗಳಿಂದ ಜಲಜನಕವನ್ನು ಪಡೆಯಿತು. 2021ರಲ್ಲಿ ಜಪಾನಿನವರು 100 ಚದರ ಮೀಟರಿನ ಹಲಗೆಗಳನ್ನೇ ಬಿಸಿಲಿಗೊಡ್ಡಿ ನೀರಿನಿಂದ ಜಲಜನಕ ತೆಗೆದ ವರದಿ ಬಂದಿತು. ಬಿದ್ದ ಸೌರಶಕ್ತಿಯಲ್ಲಿ ಅವರಿಗೆ ದಕ್ಕಿದ್ದು ಹೆಚ್ಚೆಂದರೆ ಶೇಕಡಾ 0.76.

ನಮ್ಮ ತಮ್ಮನ ಮಗಳು ಇಂಥ ಸಂಶೋಧನೆಯಲ್ಲಿಯೇ ತೊಡಗಿದ್ದಾಳೆ. ಅವಳು ಸಿದ್ಧಪಡಿಸುವ ಹಳದಿ ಪುಡಿಯು ಬೆಳಕನ್ನೇನೋ ಹೀರುತ್ತದೆ; ಆದರೆ ಅದೇ ಬೆಳಕಿನಿಂದ ದಿನಗಳೆದಂತೆ ತಾನೇ ಸವೆದುಹೋಗುತ್ತದೆ. ಬಂಧುಗಳು ಸೇರಿದಾಗಲೆಲ್ಲ, "ಇನ್ನೆಷ್ಟು ವರುಷ ಈ ಓದು? ಮದುವೆಯ ವಯಸ್ಸು ನಿಲ್ಲುತ್ತದೆಯೆ?" ಎಂಬ ಮಾತು ಏಳುತ್ತದೆ. ಕಳೆದ ಶಿವರಾತ್ರಿಯಂದು ಅವಳು ಹಿರಿಯರಿಗೆ ಶಾಂತಳಾಗಿ ಉತ್ತರಿಸಿದಳು: "ದೊಡ್ಡಪ್ಪ, ಎಲೆಯೂ ಬಿಸಿಲಿಗೆ ಕೆಡುತ್ತದೆ. ನೀರನ್ನು ಒಡೆಯುವ ಸ್ಥಾನದ ಒಂದು ಪ್ರೋಟೀನು ಸದಾ ಪೆಟ್ಟು ತಿನ್ನುತ್ತಲೇ ಇರುತ್ತದೆ. ಎಲೆಯು ಕೆಟ್ಟದ್ದನ್ನು ತೆಗೆದು ಹೊಸದನ್ನು ಇಟ್ಟುಕೊಳ್ಳುತ್ತದೆ. ನಮ್ಮ ಪುಡಿಗೆ ಇನ್ನೂ ಬಾರದ ವಿದ್ಯೆ ಅದು."

ಈ ವಿದ್ಯೆಯ ಮೊದಲ ಅಕ್ಷರಗಳು ಮನುಷ್ಯನಿಗೆ ಆಗಲೇ ಒಲಿದಿವೆ. 2008ರಲ್ಲಿ ಅಮೆರಿಕದ ಡೇನಿಯಲ್ ನೊಸೆರಾ ಅವರು ಕೋಬಾಲ್ಟು ಮತ್ತು ಫಾಸ್ಫೇಟಿನಿಂದ ರೂಪಿಸಿದ ಕ್ರಿಯಾವರ್ಧಕವು ಕೆಲಸದ ನಡುವೆ ಕರಗಿದ ಕೋಬಾಲ್ಟನ್ನು ದ್ರಾವಣದಿಂದ ಮರಳಿ ತನ್ನ ಮೇಲೆ ಕೂಡಿಸಿಕೊಳ್ಳುತ್ತದೆ.

ಹುಡುಗಿಯ ಮಾತನ್ನು ಕೇಳಿದ ಮೇಲೆ ನಮಗೆ ಹೊಳೆದುದಿಷ್ಟು. ಎಲೆಯ ಹಿರಿಮೆ ಎಂದೂ ಕೆಡದಿರುವುದರಲ್ಲಿಲ್ಲ. ಕೆಟ್ಟುದನ್ನು ಕೆಲಸ ನಿಲ್ಲಿಸದೆ ಸರಿಪಡಿಸಿಕೊಳ್ಳುವುದರಲ್ಲಿದೆ. ಫಲವು ತಡವಾಯಿತೆಂಬ ಮಾತ್ರಕ್ಕೆ ಕಾಯಕವು ಕಿರಿದಾಗದು. ಶರಣರು ಯಾವ ಕಾಯಕವನ್ನೂ ಕೀಳೆಂದು ಎಣಿಸಲಿಲ್ಲ. ಹೆಣ್ಣಿನ ಕಾಯಕವನ್ನಂತೂ ಗಂಡಿನದಕ್ಕೆ ಸಮವಾಗಿಯೇ ಕಂಡರು. ಶರಣಬಂಧುಗಳೇ, ನಮ್ಮ ಮನೆಗಳಲ್ಲಿ ಇಂಥ ದೀರ್ಘ ಕಾಯಕಕ್ಕೆ ಕುಳಿತ ಮಕ್ಕಳಿದ್ದರೆ, ಅದು ಎಂದಿಗೆ ಮುಗಿಯುವುದೆಂದು ಅವಸರಪಡಿಸದಿರೋಣ. ಈ ವರುಷ ಏನು ಕೆಟ್ಟಿತು, ಅದನ್ನು ಹೇಗೆ ಸರಿಪಡಿಸಿದೆ ಎಂದು ಪ್ರೀತಿಯಿಂದ ವಿಚಾರಿಸೋಣ. ಅಷ್ಟು ತಾಳ್ಮೆಯನ್ನು ನಾವು ಅವರಿಗೆ ದಾಸೋಹವಾಗಿ ನೀಡಬಹುದಲ್ಲವೆ?