ರೊಟ್ಟಿ ಉಬ್ಬುವ ಬೆಂಕಿ

ಭಾರತ ಹುಣ್ಣಿಮೆಯ ಜಾತ್ರೆಗೆ ಮೈಲಾರಕ್ಕೆ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬಂದವರು ತುಂಗಭದ್ರೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿ ಒಲೆ ಹೊತ್ತಿಸುತ್ತಾರೆ. ಸಂಜೆಯಾದರೆ ಹೊಳೆಯ ಮೇಲೆ ಹೊಗೆಯ ಪದರ. ಕಾರಣಿಕದ ದಿನ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದಾಗ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಆ ಮೌನದಲ್ಲಿ ಈ ಸಲ ನನಗೆ ಕೇಳಿದ್ದು ಪಕ್ಕದಲ್ಲೇ ನಿಂತಿದ್ದ ಅವ್ವನ ಕೆಮ್ಮು. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲಲಿಲ್ಲ.

ಅವ್ವ ಬೀಡಿ ಸೇದಿದವಳಲ್ಲ. ಐವತ್ತು ವರ್ಷ ಒಲೆಯ ಮುಂದೆ ಕೂತವಳು. ಹತ್ತಿಕಟ್ಟಿಗೆ, ಮೆಕ್ಕೆಜೋಳದ ಬೆಂಡು, ಕುಳ್ಳು, ಅದು ಮುಗಿದರೆ ಬಳ್ಳಾರಿ ಜಾಲಿ. ಮನೆಯೊಳಗಿನ ಹೊಗೆಗೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಲೆಕ್ಕ ಓದಿದ ದಿನ ನಮ್ಮ ಅಡುಗೆಮನೆಯ ಕರಿಹಿಡಿದ ಜಂತಿ ನೆನಪಾಗಿತ್ತು.

ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ಅಸ್ತ್ರ ಒಲೆ ಹಾಕಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದ ಕೂಸು ಅದು. ಮಣ್ಣಿನ ಒಲೆ, ಮೂರು ಕುಳಿ, ಹೊಗೆ ಹೊರಹೋಗಲು ಕೊಳವೆ. ಕಟ್ಟಿಗೆಯೂ ಕಡಿಮೆ ಸಾಕು. ಆದರೆ ಜೋಳದ ರೊಟ್ಟಿ ಹಂಚಿನಿಂದ ಇಳಿದ ಮೇಲೆ ಕೆಂಡಕ್ಕೆ ಒರಗಿ ಉಬ್ಬಬೇಕಲ್ಲ? ಒಲೆಯ ಬಾಯಿ ಅದಕ್ಕೆ ಕಿರಿದಾಗಿತ್ತು. ಅವ್ವ ಒಂದು ದಿನ ಹಾರೆ ತಗೊಂಡು ಬಾಯಿ ಅಗಲ ಮಾಡಿದಳು. ಕೊಳವೆಯಲ್ಲಿ ಹೋಗಬೇಕಾದ ಹೊಗೆ ಮತ್ತೆ ಅವಳ ಮುಖಕ್ಕೇ ಬಂತು. ಆಗ ಅವಳನ್ನು ಬೈದಿದ್ದೆ. ಒಂದು ರೊಟ್ಟಿಯನ್ನೂ ಬೇಯಿಸದವನ ಬೈಗುಳ.

2016ರಲ್ಲಿ ಉಜ್ವಲಾ ಶುರುವಾದ ಮೇಲೆ ಕೇರಿಯ ಮನೆಮನೆಗೂ ಸಿಲಿಂಡರ್ ಬಂತು. ನಮ್ಮನೆಯದು ಚಹಾಕ್ಕೆ, ಬೀಗರು ಬಂದಾಗ ಉಪ್ಪಿಟ್ಟಿಗೆ. “ಹೊತ್ತಿಗೆ ಇಪ್ಪತ್ತು ರೊಟ್ಟಿ ಇದರ ಮ್ಯಾಲೆ ಸುಟ್ರ ಹದಿನೈದು ದಿನಕ್ಕ ಖಾಲಿ. ತುಂಬಸಾಕ ರೊಕ್ಕ ನೀ ಕಳಸ್ತೀಯೇನಪ್ಪಾ?” ಎಂದಳು. ಕಳಿಸುತ್ತೇನೆ ಎಂದೆ. ಮೂರು ತಿಂಗಳು ಕಳಿಸಿದೆ, ಆಮೇಲೆ ಮರೆತೆ.

ಕರೆಂಟಿನ ಒಲೆ ತಂದುಕೊಟ್ಟೆ. ನಡುವೆ ತಗ್ಗಿರುವ ರೊಟ್ಟಿ ಹಂಚು ಅದರ ಮೇಲೆ ಕೂರಲೇ ಇಲ್ಲ. ಕೂತಿದ್ದರೂ ಆ ಕರೆಂಟು ಎಲ್ಲಿಯದು? ನಮ್ಮದೇ ಸೀಮೆಯ ಕುಡತಿನಿಯಲ್ಲಿ 1700 ಮೆಗಾವಾಟ್‌ನ ಕಲ್ಲಿದ್ದಲ ಸ್ಥಾವರವಿದೆ. ನಮ್ಮ ದೇಶದ ಕಲ್ಲಿದ್ದಲನ್ನು ಸುಟ್ಟರೆ ಮೂರರಲ್ಲೊಂದು ಪಾಲಿನಷ್ಟು ಬೂದಿಯೇ. ಅವ್ವನ ಹೊಗೆಯನ್ನು ಕುಡತಿನಿಯ ತಾಯಂದಿರಿಗೆ ದಾಟಿಸಿದ ಹಾಗೆ. ಹೊಳೆಯಾಚೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ, ನಿಜ. ಆ ಕರೆಂಟೂ ಒಂದೇ ತಂತಿಗೆ ಸೇರುತ್ತದೆ, ನಮ್ಮ ಅಡುಗೆಮನೆಗೆ ಬೇರೆ ತಂತಿಯೇನಿಲ್ಲ.

ರೊಟ್ಟಿಗೆ ಒಪ್ಪುವುದು ಗೋಬರ್ ಗ್ಯಾಸಿನ ಉರಿ. ಎರಡು ಘನಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ ಬೇಕು. ಟ್ರ್ಯಾಕ್ಟರ್ ಬಂದ ವರ್ಷ ಎತ್ತು ಮಾರಿದೆವು. ಈಗಿರುವುದು ಒಂದೇ ಎಮ್ಮೆ. ಪಕ್ಕದ ಮನೆಯ ಚಿಕ್ಕಪ್ಪನದು ಮೂರು. ಎರಡೂ ಮನೆ ಸೇರಿ ಒಂದು ಗುಂಡಿ ಹಾಕೋಣ ಎಂದು ಜಾತ್ರೆಯ ಮರುದಿನ ಕೇಳಿದೆ. ಹಿತ್ತಲಿನ ಗೋಡೆಯ ವ್ಯಾಜ್ಯದಿಂದ ನಮಗೂ ಅವರಿಗೂ ಆರು ವರ್ಷ ಮಾತಿರಲಿಲ್ಲ. ಚಿಕ್ಕಪ್ಪ ಬಹಳ ಹೊತ್ತು ಸುಮ್ಮನಿದ್ದು, “ಗುಂಡಿ ಯಾರ ಹಿತ್ತಲದಾಗ?” ಎಂದ.