ಊಟ ಆತೇನು, ತಮ್ಮಾ?

ಯಲಬುರ್ಗಾದ ನಮ್ಮ ಮನೆಗೆ ಕೊಪ್ಪಳದಿಂದ ಮಾನಸಿಕ ಆರೋಗ್ಯದ ನರ್ಸಮ್ಮ ಬಂದಿದ್ದರು. ತಮ್ಮನ ಕಾಯಿಲೆಯ ಕಥೆಯನ್ನು ಅವನೆದುರಿಗೇ ನಾನು ಒಪ್ಪಿಸತೊಡಗಿದೆ. ಆಕೆ ನನ್ನನ್ನು ತಡೆದು, ಅವನ ಪಕ್ಕದ ಚಾಪೆಯ ಮೇಲೆ ಕುಳಿತು, "ಊಟ ಆತೇನು, ತಮ್ಮಾ?" ಎಂದರು.

"ಇಲ್ಲ, ಅಕ್ಕಾ."

ವಾರಗಟ್ಟಲೆ ತುಟಿ ಬಿಚ್ಚದವನ ಮಾತು! ನನಗೆ ನಾಚಿಕೆಯಾಯಿತು. ಗುಳಿಗೆ ನುಂಗಿದೆಯಾ ಎಂಬುದೊಂದನ್ನಲ್ಲದೆ ನಾನು ಅವನನ್ನು ಬೇರೇನೂ ಕೇಳಿರಲಿಲ್ಲ.

ಹೊರಡುವಾಗ ಕಟ್ಟೆಯ ಮೇಲಿನ ನೆರೆಯವರು, "ಏನು ಬ್ಯಾನಿರೀ ಅವಗ?" ಎಂದರು.

"ಈ ಸಲ ನಿಮ್ಮ ಕಡೆ ಮಳಿ ಹ್ಯಾಂಗರೀ?" ಎಂದು ನಕ್ಕು ನಡೆದರು ಆಕೆ.

ಇಂಥ ಸೇವೆಯ ಜಿಲ್ಲಾ ಮಾದರಿ ರೂಪುಗೊಂಡದ್ದು 1980ರ ದಶಕದಲ್ಲಿ, ನಮ್ಮ ನೆರೆಯ ಬಳ್ಳಾರಿಯಲ್ಲೇ. ರೋಗಿಯ ಗುಟ್ಟು ಕಾಯುವುದನ್ನು 2017ರ ಕಾಯಿದೆ ಅವನ ಹಕ್ಕೆಂದಿತು. ನಿಜ, ಆದರೆ ಹಸಿವು ವಿಚಾರಿಸಲು ಕಾಯಿದೆಗೆ ಬಾರದು. ಅದಕ್ಕೆ ಅಕ್ಕನೇ ಬೇಕು.