ಇಡ್ಡಲಿಗೆಯಿಂದ ಇಡ್ಲಿಗೆ

ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ತಿಂಡಿಯ ಹೆಸರಿದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಅದರ ಪಾಕವಿಧಾನವೂ ಉಂಟು: ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಮಸಾಲೆಗಳನ್ನೂ ಬೆರೆಸುವುದು. ಅಲ್ಲಿ ಅಕ್ಕಿಯ ಮಾತಿಲ್ಲ. ಅಕ್ಕಿ ಸೇರದ ಆ ಹಿಟ್ಟು ಎಷ್ಟು ಉಬ್ಬೀತು, ಹೇಗೆ ಬೆಂದೀತು ಎಂಬುದನ್ನು ನಿಘಂಟು ಹೇಳಲಾರದು. ಹಿಟ್ಟು ರುಬ್ಬಿದ ಕೈ ಹೇಳಬಲ್ಲುದು.

ಮುಂಬಯಿ ಕನ್ನಡಿಗರಲ್ಲಿ ಅಂಥ ಕೈಗಳಿಗೆ ಕೊರತೆಯಿರಲಿಲ್ಲ. ಕರಾವಳಿಯಿಂದ ಹಡಗು ಹತ್ತಿ ಬಂದ ಎಳೆಯರನೇಕರು ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂತಹ ಭೋಜನಶಾಲೆಗಳು ಊರು ಬಿಟ್ಟವರಿಗೆ ಊರಿನ ರುಚಿಯನ್ನು ಉಣಿಸಿದವು. ಮಹಾನಗರದ ಅನ್ಯಭಾಷಿಕರಿಗೂ ಅದನ್ನು ಪರಿಚಯಿಸಿದವು.

ಮಾಲೀಕರ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ. ರುಬ್ಬುಗಲ್ಲಿನ ಮುಂದೆ ಕುಳಿತವರ ಅರಿವು ಬಹುಮಟ್ಟಿಗೆ ಅಲಿಖಿತವಾಗಿಯೇ ಇದೆ. ಮಳೆಗಾಲದ ತಂಪಿನಲ್ಲಿ ಹಿಟ್ಟು ಹುದುಗುವ ಹದವನ್ನು ಅವರು ಕೈಯಿಂದ ಕೈಗೆ ಕಲಿತರು, ಕಲಿಸಿದರು. ಚಾವುಂಡರಾಯನು ಬರೆದಿಟ್ಟುದರಿಂದಲೇ ಒಂದು ಕಾಲದ ಪಾಕಜ್ಞಾನವು ಸಾವಿರ ವರ್ಷ ಬಾಳಿತು. ಈ ತಲೆಮಾರು ಕಣ್ಮರೆಯಾಗುವ ಮುನ್ನ ಕನ್ನಡದ ಸಂಶೋಧಕರು ಗ್ರಂಥಾಲಯದಿಂದ ಅಡುಗೆಮನೆಯವರೆಗೂ ನಡೆಯಬೇಕಾಗಿದೆ.